ಎಲ್ಲ ಕಾಲದ ಐವರು: ಹಳೆಯ ಆಟಗಾರರನ್ನು ಯಾವ ಸೇರಿನಿಂದ ಅಳೆಯಬೇಕು?



ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕ್ರಿಕೆಟ್ಟಿನಷ್ಟೇ ಆಸೆಯಿಂದ ಬಾಸ್ಕೆಟ್‌ಬಾಲ್ ಆಡುವ ಮಕ್ಕಳಿದ್ದಾರೆ. ಕೊಯಮತ್ತೂರಿನಲ್ಲಿ ನಾಚಿಮುತ್ತು ಗೌಂಡರ್ ಅವರ ಹೆಸರಿನ ಅಖಿಲ ಭಾರತ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಬಹಳ ಹಿಂದಿನಿಂದ ನಡೆದುಬಂದಿದೆ. ರೈಲ್ವೆ, ಸೇನೆ, ಬ್ಯಾಂಕುಗಳ ತಂಡಗಳು ಇಲ್ಲಿಗೆ ಬಂದು ಆಡಿಹೋಗುತ್ತವೆ. ಹೀಗಾಗಿ ನಮ್ಮ ಮಕ್ಕಳು ಬಿಡುವಿನ ವೇಳೆಯಲ್ಲಿ ಕುಳಿತು 'ಎಲ್ಲ ಕಾಲದ ಐದು ಜನರ ತಂಡ' ಕಟ್ಟುವುದುಂಟು. ಜೋರ್ಡನ್ ದೊಡ್ಡವನೋ, ಲೆಬ್ರಾನ್ ದೊಡ್ಡವನೋ ಎಂದು ಜಗಳ ಶುರುವಾಗುತ್ತದೆ. ಕೊನೆಗೆ ಟಿ.ವಿ.ಯಲ್ಲಿ ಕಂಡವನೇ ಗೆಲ್ಲುತ್ತಾನೆ, ಕಾಣದವನು ಸೋಲುತ್ತಾನೆ.

ಇದು ಹುಡುಗಾಟದ ಮಾತು ಎಂದು ನಾವು ತಳ್ಳಿಹಾಕಬಾರದು. ಬೇರೆ ಬೇರೆ ಕಾಲದ ಮನುಷ್ಯರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂಬುದು ಚರಿತ್ರೆಯ ಪಾಠದ ಮೂಲ ಪ್ರಶ್ನೆ. ತಾತನ ಕಾಲದಲ್ಲಿ ತಿಂಗಳಿಗೆ ಐವತ್ತು ರೂಪಾಯಿ ಸಂಬಳವಿತ್ತು ಎಂದರೆ ತಾತ ಬಡವ ಎಂದು ಹೇಳಿಬಿಡಲಾಗದು. ಆಗ ಅಕ್ಕಿಯ ಬೆಲೆ ಎಷ್ಟಿತ್ತು ಎಂದು ಮೊದಲು ಕೇಳಬೇಕು. ಆಟದ ಅಂಕಗಳೂ ಹಾಗೆಯೇ.

ಆಟ ಒಂದೇ, ನಿಯಮ ಬೇರೆ

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಎರಡು ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿ, 13 ನಿಯಮಗಳನ್ನು ಬರೆದರು. ಒಂದೊಂದು ಕಡೆಗೆ ಒಂಬತ್ತು ಜನ. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಓಡುವುದು ಆಗ ಇರಲಿಲ್ಲ. ಶಿಕ್ಷಕರೊಬ್ಬರು ತರಗತಿಯ ತೊಂದರೆ ನೀಗಿಸಲು ಕಂಡುಕೊಂಡ ಉಪಾಯ ಇಂದು ಜಗತ್ತಿನ ಆಟವಾಗಿದೆ ಎಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ವಿಷಯ. ನಮ್ಮ ದೇಶದಲ್ಲಿಯೂ ಈ ಆಟ ಹರಡಲು ವೈ.ಎಂ.ಸಿ.ಎ. ಕಾರಣ. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಅವರು ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಊರೂರಿಗೆ ವ್ಯಾಯಾಮ ಶಿಕ್ಷಕರಾಗಿ ಹೋದರು.

'ಕಾಲಕ್ಕೆ ತಕ್ಕ ಕೋಲ' ಎಂಬಂತೆ ಆಟದ ನಿಯಮಗಳೂ ಬದಲಾದವು. ಅಮೆರಿಕದ ಎನ್.ಬಿ.ಎ.ಯಲ್ಲಿ 24 ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕೆಂಬ ನಿಯಮ ಬಂದದ್ದು 1954ರಲ್ಲಿ. ಅದಕ್ಕೆ ಮೊದಲು ಮುಂದಿದ್ದ ತಂಡ ಚೆಂಡನ್ನು ಕೈಯಲ್ಲಿ ಇಟ್ಟುಕೊಂಡೇ ಕಾಲ ಕಳೆಯಬಹುದಿತ್ತು. ದೂರದಿಂದ ಹಾಕಿದರೆ ಮೂರು ಅಂಕ ಎಂಬ ಗೆರೆ ಅಲ್ಲಿ 1979ರಲ್ಲಿ ಬಂತು. ಅಂತರರಾಷ್ಟ್ರೀಯ ಆಟಕ್ಕೆ 1984ರಲ್ಲಿ ಬಂತು. ಹಾಗಾದರೆ 1979ಕ್ಕೆ ಮೊದಲು ಎನ್.ಬಿ.ಎ.ಯಲ್ಲಿ ದೂರದಿಂದ ಗುರಿ ಹೊಡೆದವನಿಗೆ ಹತ್ತಿರದಿಂದ ಹಾಕಿದವನಷ್ಟೇ ಅಂಕ. ಅವನ ಕೈಚಳಕ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ನೂರು ಅಂಕದ ರಾತ್ರಿ

ಈಗ ಒಂದು ದೊಡ್ಡ ಉದಾಹರಣೆ ನೋಡೋಣ. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4. ಜೋರ್ಡನ್ನರ ಜೀವಮಾನದ ಸರಾಸರಿ 30ರ ಸುಮಾರು. ಇಷ್ಟನ್ನೇ ನೋಡಿದರೆ ವಾದ ಮುಗಿದಂತೆ.

ಆದರೆ ಅಕ್ಕಿಯ ಬೆಲೆ ಕೇಳೋಣ. 1961-62ರಲ್ಲಿ ಎನ್.ಬಿ.ಎ.ಯಲ್ಲಿ ಇದ್ದದ್ದು 9 ತಂಡಗಳು. ಒಂದು ತಂಡ ಪಂದ್ಯವೊಂದರಲ್ಲಿ ಸರಾಸರಿ 118.8 ಅಂಕ ಗಳಿಸುತ್ತಿತ್ತು. 2003-04ರಲ್ಲಿ ಅದು 93.4ಕ್ಕೆ ಇಳಿದಿತ್ತು. ಅಂದರೆ ಆ ಕಾಲದಲ್ಲಿ ಅಂಕಗಳು ಅಗ್ಗವಾಗಿದ್ದವು. ಹಾಗೆಂದು ಚೇಂಬರ್ಲಿನ್ನರನ್ನು ಇಳಿಸಿಬಿಡೋಣವೇ? ಅದೂ ತಪ್ಪು. ಅದೇ ಅಗ್ಗದ ಕಾಲದಲ್ಲಿ ಆಡಿದ ಬೇರೆ ಯಾರೂ 50ರ ಸರಾಸರಿ ಮುಟ್ಟಲಿಲ್ಲ. ಆಟ ಇರುವುದೇ 48 ನಿಮಿಷ. ಅವರು ಆ ವರ್ಷ ಹೆಚ್ಚುವರಿ ವೇಳೆಯೂ ಸೇರಿ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದರು. ವಿಶ್ರಾಂತಿಯೇ ಇಲ್ಲ!

ಇನ್ನೊಂದು ಕಡೆ ಅದೇ ಕಾಲದ ಬಿಲ್ ರಸೆಲ್. 13 ಋತುಗಳಲ್ಲಿ 11 ಬಾರಿ ಅವರ ತಂಡ ಚಾಂಪಿಯನ್ ಆಯಿತು. ಎದುರಾಳಿಯ ಎಸೆತವನ್ನು ತಡೆಯುವುದೇ ಅವರ ಮುಖ್ಯ ಕೆಲಸ. ಆದರೆ ತಡೆದ ಎಸೆತಗಳನ್ನು ಎನ್.ಬಿ.ಎ. ಅಧಿಕೃತವಾಗಿ ಎಣಿಸಲು ತೊಡಗಿದ್ದು 1973-74ರಿಂದ. ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು. ಎಣಿಸದೇ ಹೋದದ್ದು ನಡೆಯದೇ ಹೋದದ್ದಲ್ಲ. ಈ ಮಾತನ್ನು ಮಕ್ಕಳು ಚರಿತ್ರೆಯ ಎಲ್ಲ ಪಾಠಗಳಲ್ಲೂ ನೆನಪಿಡಬೇಕು.

ಮೈಸೂರಿನವರೂ ಬೆಂಗಳೂರಿನವರೂ

ಬಾಸ್ಕೆಟ್‌ಬಾಲ್ ತಿಳಿಯದ ಪೋಷಕರಿಗೆ ಕ್ರಿಕೆಟ್ಟಿನ ಲೆಕ್ಕ ಹೇಳುತ್ತೇವೆ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಬೌಲಿಂಗ್ ಮಾಡಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಬೆಂಗಳೂರಿನ ಅನಿಲ್ ಕುಂಬ್ಳೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದರು. 619 ದೊಡ್ಡದು, ನಿಜ. ಆದರೆ ಒಂದು ವಿಕೆಟ್ಟಿಗೆ ಕೊಟ್ಟ ಓಟಗಳನ್ನು ನೋಡಿ: ಚಂದ್ರಶೇಖರ್ 29.74, ಕುಂಬ್ಳೆ 29.65. ಹೆಚ್ಚುಕಡಿಮೆ ಒಂದೇ! ಚಂದ್ರಶೇಖರ್ ಆಡಿದ 15 ವರ್ಷಗಳಲ್ಲಿ ಟೆಸ್ಟ್‌ಗಳು ಕಡಿಮೆ. ಆಗ ತಂಡದಲ್ಲಿ ಪ್ರಸನ್ನ, ಬೇಡಿ, ವೆಂಕಟರಾಘವನ್ ಎಲ್ಲರೂ ವಿಕೆಟ್ಟುಗಳನ್ನು ಹಂಚಿಕೊಳ್ಳುತ್ತಿದ್ದರು. ಕುಂಬ್ಳೆಯವರಾದರೋ ವರ್ಷಗಟ್ಟಲೆ ಒಬ್ಬರೇ ಭಾರ ಹೊತ್ತರು. ಇಬ್ಬರೂ ದೊಡ್ಡವರೇ. ಅವರ ದೊಡ್ಡತನದ ಬಗೆ ಬೇರೆ ಬೇರೆ.

ಬಾಗಿಲ ಹೊರಗೆ ನಿಂತವರು

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ. ಆಡಲು ಬಿಡದವರನ್ನು ಏನು ಮಾಡುವುದು? ಎನ್.ಬಿ.ಎ.ಯಲ್ಲಿ ಮೊದಲ ಕಪ್ಪು ವರ್ಣೀಯ ಆಟಗಾರ ಅರ್ಲ್ ಲಾಯ್ಡ್ ಕಣಕ್ಕಿಳಿದದ್ದು 1950ರಲ್ಲಿ. ಅದಕ್ಕೆ ಮೊದಲಿನ ದಾಖಲೆಗಳೆಲ್ಲ ಅರ್ಧ ಬಾಗಿಲು ಮುಚ್ಚಿದ ಮನೆಯ ದಾಖಲೆಗಳು.

ನಮ್ಮಲ್ಲೂ ಹಾಗೆಯೇ. ಪಾಲ್ವಂಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ದಲಿತರು. ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಿನಲ್ಲಿ ಮೈದಾನದ ಕೆಲಸ ಮಾಡುತ್ತಾ, ಅವರಿಗೆ ಅಭ್ಯಾಸಕ್ಕೆ ಬೌಲಿಂಗ್ ಮಾಡುತ್ತಾ ಬೆಳೆದರು. ಹಿಂದೂ ತಂಡಕ್ಕೆ ಅವರ ಎಡಗೈ ಬೌಲಿಂಗ್ ಬೇಕಾಯಿತು. ಆದರೆ ಚಹಾ ವಿರಾಮದಲ್ಲಿ ಅವರಿಗೆ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ಅವರ ತಮ್ಮ ವಿಠಲ್ 1923ರಲ್ಲಿ ನಾಯಕರಾದರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಹಾಗಾಗಿ ಟೆಸ್ಟ್ ಅಂಕಿಅಂಶಗಳ ಪಟ್ಟಿಯಲ್ಲಿ ಹುಡುಕಿದರೆ ಬಾಲೂ ಸಿಗುವುದೇ ಇಲ್ಲ. ಕರ್ನಾಟಕದ ಮಣ್ಣಲ್ಲಿ ಹುಟ್ಟಿದವರ ಸಾರ್ವಕಾಲಿಕ ಹನ್ನೊಂದು ಜನರನ್ನು ಬರೆಯುವಾಗ ಅವರ ಹೆಸರು ಎಷ್ಟು ಜನರ ನೆನಪಿಗೆ ಬರುತ್ತದೆ?

ಹೆಣ್ಣುಮಕ್ಕಳ ಮಾತೂ ಇದೇ. ಒಲಿಂಪಿಕ್ಸ್‌ನಲ್ಲಿ ಪುರುಷರ ಬಾಸ್ಕೆಟ್‌ಬಾಲ್ 1936ರಲ್ಲಿ ಬಂದರೆ ಮಹಿಳೆಯರದು ಬಂದದ್ದು 1976ರಲ್ಲಿ. ನಲವತ್ತು ವರ್ಷ ಕಾಯಬೇಕಾಯಿತು.

ಹಿತ್ತಲ ಗಿಡ

'ಹಿತ್ತಲ ಗಿಡ ಮದ್ದಲ್ಲ' ಎಂದು ನಾವು ನಮ್ಮವರನ್ನು ಮರೆಯುತ್ತೇವೆ. ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಂದೇ ಬಾರಿ, 1980ರ ಮಾಸ್ಕೋದಲ್ಲಿ. ಎಲ್ಲ ಪಂದ್ಯಗಳಲ್ಲೂ ಸೋತಿತು. ಆದರೂ ಅಲ್ಲಿ ಭಾರತದ ಪರ ಹೆಚ್ಚು ಅಂಕ ಗಳಿಸಿದ ಅಜ್ಮೇರ್ ಸಿಂಗ್ ಜಗತ್ತಿನ ದೊಡ್ಡ ತಂಡಗಳೆದುರು ಆಡಿ ತೋರಿಸಿದರು. ಮೂರು ಅಂಕದ ಗೆರೆ ಅಲ್ಲಿ ಇನ್ನೂ ಇರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೆನ್ನೈನ ಅನಿತಾ ಪಾಲ್‌ದುರೈ ಆಡಿದ ಮಹಿಳಾ ತಂಡ 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. 2021ರಲ್ಲಿ ಅನಿತಾರಿಗೆ ಪದ್ಮಶ್ರೀ ಬಂತು. ನಮ್ಮ ಮಕ್ಕಳ ತಂಡಗಳಲ್ಲಿ ಇವರಿಗೂ ಒಂದು ಜಾಗ ಬೇಡವೇ?

ನಾವು ಹೇಳುವ ಕ್ರಮ

ತಂಡ ಕಟ್ಟುವ ಮಕ್ಕಳಿಗೆ ನಾವು ನಾಲ್ಕು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇವೆ. ಈತ ತನ್ನ ಕಾಲದ ಇತರರಿಗಿಂತ ಎಷ್ಟು ಮುಂದಿದ್ದ? ಆಗಿನ ನಿಯಮ ಏನಿತ್ತು? ಆಗ ಏನನ್ನು ಎಣಿಸಿದರು, ಏನನ್ನು ಬಿಟ್ಟರು? ಆಗ ಯಾರನ್ನು ಒಳಗೆ ಬಿಡಲಿಲ್ಲ? ಇವಕ್ಕೆ ಉತ್ತರ ಹುಡುಕಿದ ಮೇಲೆ ಯಾರನ್ನು ಆರಿಸಿದರೂ ಸರಿ. ಆಯ್ಕೆಗಿಂತ ಹುಡುಕಾಟ ದೊಡ್ಡದು.

ಕೊನೆಯದಾಗಿ ಶಿಕ್ಷಕ ಬಂಧುಗಳಿಗೆ ಒಂದು ಮಾತು. ಕೊಯಮತ್ತೂರು, ತಿರುಪ್ಪೂರು ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಆಡುಮಾತಾಗಿ ಉಳಿದಿದೆ, ಆದರೆ ಬರಹದಲ್ಲಿ ಅಷ್ಟಾಗಿ ಇಲ್ಲ. ಆ ಮನೆಗಳ ತಾತಂದಿರು ಮಗ್ಗ ಬಿಟ್ಟೆದ್ದು ಸಂಜೆ ಆಡಿದ ಕಬಡ್ಡಿ, ಚೆಂಡಾಟಗಳ ಲೆಕ್ಕವನ್ನು ಬರೆದಿಟ್ಟವರು ವಿರಳ. ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳಲ್ಲಿ ಹಾಜರಿ ಪುಸ್ತಕವಿದೆ, ಅಂಕಪಟ್ಟಿಯಿದೆ. ಆಟದ ಪುಸ್ತಕವೊಂದೂ ಇರಲಿ. ದಿನಾಂಕ, ಎದುರಾಳಿ ಶಾಲೆ, ಆಡಿದ ಎಲ್ಲ ಮಕ್ಕಳ ಹೆಸರು, ಅಂಕ, ಅಂದು ಪಾಲಿಸಿದ ನಿಯಮ ಇಷ್ಟನ್ನು ಕನ್ನಡದಲ್ಲಿ ಬರೆದರೆ ಸಾಕು. ಗೆದ್ದವರ ಹೆಸರಷ್ಟೇ ಅಲ್ಲ, ಸೋತವರದೂ, ಬೆಂಚಿನಲ್ಲಿ ಕುಳಿತವರದೂ ಇರಬೇಕು. ಒಂದು ಶಾಲೆ ಮುಚ್ಚಿಹೋದರೂ ಅಲ್ಲಿ ಯಾರು ಆಡಿದ್ದರು ಎಂದು ಆ ಪುಸ್ತಕ ಹೇಳುತ್ತದೆ. ಐವತ್ತು ವರ್ಷದ ನಂತರ ಯಾವುದೋ ಮೊಮ್ಮಗಳು ತನ್ನ ಊರಿನ ಎಲ್ಲ ಕಾಲದ ಐವರನ್ನು ಆರಿಸಲು ಕುಳಿತಾಗ, ಅವಳ ಕೈಗೆ ಹೆಸರುಗಳು ಸಿಗಬೇಕು.