ಗೃಹಸ್ಥನ ಮನೆಯಲ್ಲಿ ಸರ್ಪ: ರಟ್ಟರ ನಾಡಿನ ಪರಂಪರೆ ಮತ್ತು ಇಂದಿನ ಒಂದು ಪ್ರಶ್ನೆ

ಸವದತ್ತಿಯ ಪ್ರಾಚೀನ ಹೆಸರು ಸುಗಂಧವರ್ತಿ. ಕೂಂಡಿ ಮೂರು ಸಾವಿರವನ್ನು ಆಳಿದ ರಟ್ಟರಿಗೆ ಇದು ರಾಜಧಾನಿಯಾಗಿತ್ತು. ಮುಂದೆ ಅವರು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ತಮ್ಮ ನೆಲೆಯನ್ನು ಬದಲಿಸಿದರು. ಆ ವಂಶದ ಶಾಂತಿವರ್ಮನು ಸುಗಂಧವರ್ತಿಯಲ್ಲಿ ಬಸದಿಯನ್ನು ಕಟ್ಟಿಸಿ 150 ಮತ್ತರು ಭೂಮಿಯನ್ನು ದತ್ತಿ ಬಿಟ್ಟುದನ್ನು 980ರ ಶಾಸನ ತಿಳಿಸುತ್ತದೆ. ಅದೇ ವಂಶದ ನಾಲ್ವಡಿ ಕಾರ್ತವೀರ್ಯನ ಆಶ್ರಯದಲ್ಲಿ, 13ನೆಯ ಶತಮಾನದ ಆರಂಭದಲ್ಲಿ, ಪಾರ್ಶ್ವಪಂಡಿತನೆಂಬ ಕವಿಯು ‘ಪಾರ್ಶ್ವನಾಥಪುರಾಣ’ವನ್ನು ಕನ್ನಡದಲ್ಲಿ ರಚಿಸಿದನು. ಹೀಗೆ ತೊರಗಲ್ಲು, ಸವದತ್ತಿ, ಬೈಲಹೊಂಗಲಗಳ ಸೀಮೆಯ ಶ್ರಾವಕರಿಗೆ ಸರ್ಪದ ಕಥೆಯು ಎಂಟುನೂರು ವರ್ಷಗಳಿಂದ ತಮ್ಮ ಅರಸರ ಆಸ್ಥಾನಕವಿಯ ಮಾತಿನಲ್ಲಿಯೇ ದೊರೆತಿದೆ. ಬಸದಿಗೆ ಹೋದ ಮಗುವು ಮೊದಲು ಗುರುತಿಸುವ ಚಿಹ್ನೆಯೂ ಪಾರ್ಶ್ವಸ್ವಾಮಿಯ ಶಿರದ ಮೇಲಿನ ಏಳು ಹೆಡೆಗಳೇ.

ಈಗ ಇದೇ ಮನೆತನಗಳ ಮಕ್ಕಳು, ಮೊಮ್ಮಕ್ಕಳು ಬೆಂಗಳೂರು, ಪುಣೆ ಮತ್ತು ಪರದೇಶಗಳಲ್ಲಿ ನೆಲೆಸಿದ್ದಾರೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕುವ ಹವ್ಯಾಸವು ಬೆಳೆದಿದೆ. ಹೊಸದಾಗಿ ಸಾಕುವವರ ಮುಂದೆ ಸಾಮಾನ್ಯವಾಗಿ ಎರಡೇ ಜಾತಿಗಳು ಬರುತ್ತವೆ: ಅಮೆರಿಕೆಯ ಕಾರ್ನ್ ಸ್ನೇಕ್ ಮತ್ತು ಆಫ್ರಿಕೆಯ ರಾಯಲ್ ಪೈಥಾನ್. ಎರಡರಲ್ಲಿ ಯಾವುದು ಉತ್ತಮವೆಂಬ ಚರ್ಚೆಯು ತರುಣರಲ್ಲಿ ನಡೆದಿರುವಾಗ, ಊರಿನ ಹಿರಿಯರಲ್ಲಿ ಕೆಲವರು, ಹಾವು ಧರಣೇಂದ್ರನ ಕುಲದ್ದು, ಮನೆಯಲ್ಲಿದ್ದರೆ ಪುಣ್ಯವೇ ಅಲ್ಲವೆ ಎಂದು ಸಮಾಧಾನಪಡುವುದೂ ಉಂಟು. ಈ ಸಮಾಧಾನಕ್ಕೆ ಆಧಾರವಿದೆಯೇ ಎಂಬುದನ್ನು ಮೊದಲು ನೋಡಬೇಕು.

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಕುಮಾರ ಪಾರ್ಶ್ವನು ಪಂಚಾಗ್ನಿಯ ನಡುವೆ ತಪಸ್ಸು ಮಾಡುತ್ತಿದ್ದ ತಾಪಸನನ್ನು ಕಾಣುತ್ತಾನೆ. ಅವನು ಬೆಂಕಿಗಾಗಿ ಕಟ್ಟಿಗೆಯನ್ನು ಸೀಳಲು ಕೊಡಲಿ ಎತ್ತಿದಾಗ, ಒಳಗೆ ಜೀವಗಳಿವೆ, ಸೀಳಬೇಡವೆಂದು ಕುಮಾರನು ತಡೆಯುತ್ತಾನೆ. ತಾಪಸನು ಕೇಳುವುದಿಲ್ಲ. ಒಳಗಿದ್ದ ನಾಗದಂಪತಿಗಳು ತುಂಡಾಗುತ್ತವೆ. ಸಾಯುವ ಘಳಿಗೆಯಲ್ಲಿ ಕುಮಾರನ ಉಪದೇಶದಿಂದ ಅವು ಶಾಂತಭಾವವನ್ನು ಹೊಂದಿ ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟುತ್ತವೆ. ಮುಂದೆ ಸ್ವಾಮಿಗೆ ಉಪಸರ್ಗವಾದಾಗ ಅವರು ತಾವಾಗಿಯೇ ಬಂದು ಹೆಡೆ ಬಿಚ್ಚಿ ನಿಲ್ಲುತ್ತಾರೆ. ಕಥೆಯ ಯಾವ ಭಾಗದಲ್ಲಿಯೂ ಹಾವನ್ನು ಹಿಡಿದು ಅರಮನೆಗೆ ಒಯ್ದ ಪ್ರಸಂಗವಿಲ್ಲ. ಬಾಹುಬಲಿಸ್ವಾಮಿಯ ಮೂರ್ತಿಗಳಲ್ಲಿಯೂ ಹಾಗೆಯೇ. ರಾಮದುರ್ಗದಿಂದ ದೂರವಲ್ಲದ ಬಾದಾಮಿಯ ಜೈನ ಗುಹೆಯಲ್ಲಿ, ಶ್ರವಣಬೆಳಗೊಳದಲ್ಲಿ, ಸ್ವಾಮಿಯ ಕಾಲ ಬಳಿ ಹಾವುಗಳಿವೆ. ಅವು ಯಾರೂ ತಂದಿಟ್ಟವಲ್ಲ. ಕದಲದೆ ನಿಂತವನಲ್ಲಿ ಅವುಗಳಿಗೆ ಭಯವಿಲ್ಲವೆಂಬುದನ್ನೇ ಶಿಲ್ಪಿಯು ತೋರಿಸಿದ್ದಾನೆ.

ಹೊಲದ ರೂಢಿಯೂ ಇದಕ್ಕೆ ಹೊಂದುವಂಥದ್ದು. ಜೋಳದ ಹಗೇವು, ಹತ್ತಿಯ ರಾಶಿ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಕೇರೆಹಾವು. ತಿಳಿದ ರೈತನು ಕೇರೆಯನ್ನು ಹೊಡೆಯುವುದಿಲ್ಲ, ಕಟ್ಟಿಯೂ ಹಾಕುವುದಿಲ್ಲ; ದಾರಿ ಬಿಟ್ಟು ನಿಲ್ಲುತ್ತಾನೆ.

ಕಾರ್ನ್ ಸ್ನೇಕ್‌ನ ಪೂರ್ವೋತ್ತರವೂ ಹೀಗೆಯೇ ಒಂದು ಕಣಜದಿಂದ ಆರಂಭವಾಗುತ್ತದೆ. ಅದು ಅಮೆರಿಕೆಯ ಆಗ್ನೇಯ ರಾಜ್ಯಗಳ ಹಾವು. ಲಿನಿಯಸ್‌ನು 1766ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟನು. ಗೋವಿನಜೋಳದ ಕಣಜಗಳಲ್ಲಿ ಇಲಿಗಳನ್ನು ಅರಸುತ್ತ ಬರುತ್ತಿದ್ದುದರಿಂದ ಈ ಹೆಸರೆಂದು ಕೆಲವರು, ಹೊಟ್ಟೆಯ ಮೇಲಿನ ಚೌಕುಳಿ ಬಣ್ಣದ ಜೋಳದ ತೆನೆಯಂತಿರುವುದರಿಂದ ಎಂದು ಕೆಲವರು ಹೇಳುತ್ತಾರೆ. ನಾಲ್ಕೈದು ಅಡಿ ಉದ್ದ, ವಿಷವಿಲ್ಲ, ಚುರುಕಾಗಿ ಹರಿದಾಡುವ ಸ್ವಭಾವ. ಇಂದು ಮಾರಾಟಕ್ಕೆ ಬರುವ ಕಾರ್ನ್ ಸ್ನೇಕ್‌ಗಳು ಬಹುತೇಕ ಪಂಜರದಲ್ಲಿಯೇ ಹುಟ್ಟಿದವು. ಆದರೆ ಸಣ್ಣ ಸಂದು ಸಿಕ್ಕರೂ ನುಸುಳಿ ಹೋಗುತ್ತದೆ. ಹೀಗೆ ತಪ್ಪಿಸಿಕೊಂಡೋ, ಸರಕಿನೊಡನೆ ಸಾಗಿಯೋ, ಕೆರಿಬಿಯನ್ನಿನ ಕೆಲವು ದ್ವೀಪಗಳಲ್ಲಿ ಅದು ನೆಲೆಯೂರಿದೆ.

ರಾಯಲ್ ಪೈಥಾನ್, ಬೆದರಿದಾಗ ಚೆಂಡಿನಂತೆ ಸುರುಳಿಯಾಗುವುದರಿಂದ ಬಾಲ್ ಪೈಥಾನ್ ಎಂದೂ ಕರೆಯಲ್ಪಡುವುದು, ಪಶ್ಚಿಮ ಹಾಗೂ ಮಧ್ಯ ಆಫ್ರಿಕೆಯ ಹುಲ್ಲುಗಾವಲಿನ ಚಿಕ್ಕ ಹೆಬ್ಬಾವು. ಹಗಲೆಲ್ಲ ಇಲಿಯ ಬಿಲದಲ್ಲಿ ಅಥವಾ ಗೆದ್ದಲು ಹುತ್ತದಲ್ಲಿ ಅಡಗಿರುತ್ತದೆ. ಇದರ ಚರಿತ್ರೆಯಲ್ಲಿ ಜೈನ ಓದುಗರು ಗಮನಿಸಬೇಕಾದ ಒಂದು ಸಂಗತಿಯುಂಟು. ಬೆನಿನ್ ದೇಶದ ಉಯಿದಾ ಪಟ್ಟಣದಲ್ಲಿ ಈ ಹಾವಿಗೇ ಮೀಸಲಾದ ದೇಗುಲವಿದೆ. ಅಲ್ಲಿ ಅದನ್ನು ಕೊಲ್ಲುವುದು ನಿಷಿದ್ಧ. ದೇಗುಲದ ಹಾವುಗಳನ್ನು ರಾತ್ರಿಯಲ್ಲಿ ಹೊರಗೆ ಬಿಡುವ ರೂಢಿಯಿದ್ದು, ಮನೆಯೊಳಗೆ ಬಂದ ಹಾವನ್ನು ಜನರು ಗೌರವದಿಂದ ಎತ್ತಿ ಮರಳಿ ತಂದೊಪ್ಪಿಸುತ್ತಾರೆ. ಅದೇ ಬೆನಿನ್, ನೆರೆಯ ಟೋಗೊ ಮತ್ತು ಘಾನಾ ದೇಶಗಳಿಂದಲೇ ಕೆಲವು ದಶಕಗಳಲ್ಲಿ ಲಕ್ಷಾಂತರ ರಾಯಲ್ ಪೈಥಾನ್‌ಗಳು ಸಾಕುವವರ ಮಾರುಕಟ್ಟೆಗೆ ರಫ್ತಾಗಿವೆ. ಗರ್ಭ ಧರಿಸಿದ ಹೆಣ್ಣುಗಳನ್ನು ಬಿಲಗಳಿಂದ ಅಗೆದು ತೆಗೆದು, ಮೊಟ್ಟೆಯಿಡಿಸಿ, ಮರಿಗಳನ್ನು ಮಾರುವ ಪದ್ಧತಿಯೂ ಅಲ್ಲಿದೆ. ಪೂಜೆಯೂ ವ್ಯಾಪಾರವೂ ಒಂದೇ ನೆಲದಲ್ಲಿ ನಡೆದಿವೆ. ನಮ್ಮಲ್ಲಿಯೂ ಅನೇಕ ಜೀವಗಳ ಪಾಡು ಇದೇ ಆಗಿದೆ.

1992ರಲ್ಲಿ ಅಮೆರಿಕೆಯಲ್ಲಿ ಬಿಳಿಚು ಬಣ್ಣದ ರಾಯಲ್ ಪೈಥಾನ್ ಮರಿಗಳನ್ನು ಪಂಜರದಲ್ಲಿಯೇ ಹುಟ್ಟಿಸಿದ ಮೇಲೆ ಬಣ್ಣದ ವ್ಯಾಪಾರವು ಮಿತಿಮೀರಿತು. ‘ಸ್ಪೈಡರ್’ ಎಂಬ ಬಣ್ಣದ ತಳಿಯಲ್ಲಿ ಜನ್ಮದಿಂದಲೇ ತಲೆ ಅಲುಗುವ, ಸಮತೋಲ ತಪ್ಪುವ ದೋಷವಿರುತ್ತದೆ. ದೋಷವು ಗೊತ್ತಿದ್ದೂ ಬಣ್ಣಕ್ಕಾಗಿ ಆ ತಳಿಯನ್ನು ಬೆಳೆಸಿದ್ದಾರೆ. ಪಂಚೇಂದ್ರಿಯ ಜೀವವೊಂದು ಆಯುಷ್ಯವಿಡೀ ತೊಯ್ದಾಡುವಂತೆ ಮಾಡಿ ಅದಕ್ಕೆ ಬೆಲೆ ಕಟ್ಟುವುದನ್ನು ವ್ಯಾಪಾರಧರ್ಮವು ಎಂದೂ ಒಪ್ಪಲಾರದು. ಇನ್ನು ನಮ್ಮ ನಾಡಿನಲ್ಲಿಯೇ ನಡೆದುದು: 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ 55 ಬಗೆಬಗೆಯ ಬಣ್ಣದ ಬಾಲ್ ಪೈಥಾನ್‌ಗಳು, 17 ಕಾಳಿಂಗಸರ್ಪಗಳು. ಜೊತೆಯಲ್ಲಿದ್ದ 6 ಕಪುಚಿನ್ ಕೋತಿಗಳು ಸತ್ತಿದ್ದವು.

ಕಾನೂನಿನ ಮಾತು ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಗರಹಾವು, ಕೇರೆ, ನಮ್ಮ ಹೆಬ್ಬಾವುಗಳನ್ನು ಹಿಡಿದಿಡುವುದು ಅಪರಾಧ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಅದರ ನಿಯಮಗಳು 2024ರಲ್ಲಿ ಹೊರಟವು. ರಾಯಲ್ ಪೈಥಾನ್ ಆ ಪಟ್ಟಿಯಲ್ಲಿದೆ, ಕಾರ್ನ್ ಸ್ನೇಕ್ ಇಲ್ಲ. ಆದರೂ ಅನುಮತಿಯಿಲ್ಲದೆ ಪರದೇಶದಿಂದ ತಂದದ್ದು ಯಾವುದಾದರೂ ಕಳ್ಳಮಾಲೇ. ಅಸ್ತೇಯವ್ರತ ಹಿಡಿದವನು ರಸೀದಿಯಿಲ್ಲದ ಸರಕನ್ನು ಮುಟ್ಟಬಾರದು.

ಇನ್ನು ಮುಖ್ಯವಾದ ಜಮಾಖರ್ಚು. ಬೆಳೆದ ಕಾರ್ನ್ ಸ್ನೇಕ್‌ಗೆ ಹತ್ತು ದಿನಕ್ಕೊಂದು ಚಿಕ್ಕ ಇಲಿ ಬೇಕೆಂದಿಟ್ಟುಕೊಂಡರೆ ವರ್ಷಕ್ಕೆ 36 ಅಥವಾ 37. ಚೆನ್ನಾಗಿ ಸಾಕಿದರೆ ಅದು 20 ವರ್ಷ ಬದುಕಬಹುದು. ಒಟ್ಟು 730 ಇಲಿಗಳಾದವು. ರಾಯಲ್ ಪೈಥಾನ್ ಸೋಮಾರಿ. ಎರಡು ವಾರಕ್ಕೊಂದು ಇಲಿ ಸಾಕು. ಕೆಲವೊಮ್ಮೆ ತಿಂಗಳುಗಟ್ಟಲೆ ಆಹಾರವನ್ನೇ ಮುಟ್ಟದೆ ಸಾಕಿದವರನ್ನು ಗಾಬರಿಗೊಳಿಸುತ್ತದೆ. ವರ್ಷಕ್ಕೆ 26 ಎಂದು ಹಿಡಿದರೂ, ಅದರ ಆಯುಷ್ಯ 30 ವರ್ಷ ಅಥವಾ ಇನ್ನೂ ಹೆಚ್ಚು. ಒಟ್ಟು 780. ತಿನ್ನುವುದು ಕಡಿಮೆಯೆಂದು ಒಂದನ್ನು, ಬದುಕುವುದು ಕಡಿಮೆಯೆಂದು ಇನ್ನೊಂದನ್ನು ಆರಿಸಿದರೂ ಖಾತೆಯ ಕೊನೆಯ ಮೊತ್ತದಲ್ಲಿ ಹೆಚ್ಚಿನ ಅಂತರವಿಲ್ಲ. ಇಲಿಯೂ ಹಾವಿನಂತೆಯೇ ಪಂಚೇಂದ್ರಿಯ ಜೀವ.

ನಾಯಿಗೆ ರೊಟ್ಟಿ ಹಾಲು ಹಾಕಿ ಸಾಕಿದ ಜೈನ ಮನೆಗಳು ಬೇಕಾದಷ್ಟಿವೆ. ಹಾವಿಗೆ ಆ ದಾರಿಯಿಲ್ಲ. ಅದು ಶಾಕಾಹಾರಕ್ಕೆ ಒಗ್ಗುವ ಜೀವವಲ್ಲ, ನಾಗರಪಂಚಮಿಯ ಹಾಲೂ ಅದರ ಆಹಾರವಲ್ಲ. ಕೊಂದು ಶೀತದಲ್ಲಿಟ್ಟ ಇಲಿಗಳನ್ನು ಅಂಗಡಿಯಲ್ಲಿ ಕೊಂಡರೆ ತನ್ನ ಕೈಯಿಂದ ಹಿಂಸೆಯಾಗಲಿಲ್ಲವೆಂಬ ವಾದವೂ ಕೇಳಿಬರುತ್ತದೆ. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿಯೂ ಹಿಂಸೆಯನ್ನು ಎಣಿಸಿದ ಆಚಾರ್ಯರ ಮುಂದೆ ಆ ವಾದ ನಿಲ್ಲದು. ಕೃಷಿಯಲ್ಲಿ, ಅಡುಗೆಯಲ್ಲಿ ಆಗುವ ಹಿಂಸೆಗೆ ಗೃಹಸ್ಥನಿಗೆ ನಿರುಪಾಯವಿದೆ. ಇಲ್ಲಿ ನಿರುಪಾಯವೆಲ್ಲಿದೆ? ಹೊಲದ ಕೇರೆಯೂ ಇಲಿಯನ್ನು ತಿನ್ನುತ್ತದೆಯೆಂದರೆ, ಅದಕ್ಕೆ ಇಲಿಯನ್ನು ತಂದುಕೊಟ್ಟವರು ಯಾರೂ ಇಲ್ಲ.

ಹಿಂಸೆಯ ಮಾತನ್ನು ಬದಿಗಿಟ್ಟರೂ ಬಂಧನವು ಉಳಿಯುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಕೊನೆಯದು ಅನ್ನಪಾನನಿರೋಧ. ಶ್ವೇತಾಂಬರ ಪರಂಪರೆಯಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳಲ್ಲಿ ‘ಅಸತೀಪೋಷಣ’ ಒಂದು. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುವಾಗ ಹಣಕ್ಕಾಗಿ ಗಿಳಿ, ಮೈನಾ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನು ಹೆಸರಿಸುತ್ತಾರೆ. ಹಣಕ್ಕಾಗಿ ಎಂಬ ಮಾತನ್ನು ಹಿಡಿದುಕೊಂಡು, ಸಂತೋಷಕ್ಕಾಗಿ ಸಾಕಿದವನು ಅದರಿಂದ ಹೊರಗೆ ಉಳಿಯಬಹುದು. ಆದರೆ ಅವನು ಕೊಟ್ಟ ಹಣದಿಂದಲೇ ಮಾರುವವನ ಉದ್ಯೋಗ ನಡೆಯುತ್ತದೆಯೆಂಬುದನ್ನು ಅಡತಿ ಅಂಗಡಿಯ ಗುಮಾಸ್ತನೂ ಬಲ್ಲನು.

ಆದುದರಿಂದ ಹೊಸದಾಗಿ ಕೊಳ್ಳಬಯಸುವವರಿಗೆ ಎರಡರಲ್ಲಿ ಒಂದನ್ನು ಸೂಚಿಸುವುದು ಶ್ರಾವಕಧರ್ಮಕ್ಕೆ ಸಲ್ಲದು. ಲೌಕಿಕವಾಗಿ ಹೋಲಿಸಿದರೆ ಕಾರ್ನ್ ಸ್ನೇಕ್‌ನ ಹಿಂದೆ ಕಾಡಿನಿಂದ ಅಗೆದು ತಂದ ಕಳಂಕ ಕಡಿಮೆ, ನೋಂದಣಿಯ ತೊಡಕೂ ಇಲ್ಲ. ಆದರೆ ಈ ಹೋಲಿಕೆಯು 730 ಇಲಿಗಳ ಲೆಕ್ಕವನ್ನು ಅಳಿಸುವುದಿಲ್ಲ.

ಈಗಾಗಲೇ ಮನೆಯಲ್ಲಿ ಹಾವು ಇರುವವರ ಸಂಗತಿ ಬೇರೆ, ಮತ್ತು ಹೆಚ್ಚು ಕಠಿಣ. ಪಶ್ಚಾತ್ತಾಪದಿಂದ ಅದನ್ನು ಕಿತ್ತೂರಿನ ಕಾಡಿನಲ್ಲೋ ಮಲಪ್ರಭೆಯ ದಂಡೆಯಲ್ಲೋ ಬಿಟ್ಟುಬಿಡುವುದು ಪುಣ್ಯವಲ್ಲ. ಒಗ್ಗದ ಹವೆಯಲ್ಲಿ ಅದು ಸಾಯಬಹುದು. ಬದುಕಿದರೆ ಇಲ್ಲಿನ ಜೀವಗಳಿಗೆ ಕೇಡು, ರೋಗವನ್ನೂ ಹರಡಬಹುದು. ಮುಂಬಯಿಯಲ್ಲಿ 1834ರಲ್ಲಿ ಸ್ಥಾಪನೆಯಾದ ಪಾಂಜರಾಪೋಳದಂಥ ಸಂಸ್ಥೆಗಳಲ್ಲಿ ನಮ್ಮ ಸಮಾಜವು ಪಾಲಿಸಿಕೊಂಡು ಬಂದ ಕ್ರಮವೇ ಇಲ್ಲಿಯೂ ದಾರಿ: ಬಂದ ಜೀವವನ್ನು ಅದರ ಆಯುಷ್ಯ ಮುಗಿಯುವವರೆಗೆ ನೋಡಿಕೊಳ್ಳುವುದು, ಅದರಿಂದ ಲಾಭ ಪಡೆಯದಿರುವುದು, ಸಂತಾನ ಬೆಳೆಸದಿರುವುದು. ಗಂಡು ಹೆಣ್ಣುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ಕಾರ್ನ್ ಸ್ನೇಕ್ ಒಂದು ಸಲಕ್ಕೆ ಹತ್ತರಿಂದ ಇಪ್ಪತ್ತರವರೆಗೆ ಮೊಟ್ಟೆಯಿಡುತ್ತದೆ. ಪ್ರತಿ ಮರಿಗೂ ಮೇಲಿನ ಖಾತೆಯೇ ಮತ್ತೊಮ್ಮೆ ತೆರೆದುಕೊಳ್ಳುತ್ತದೆ. ನೋಂದಣಿ ಬೇಕಾದಲ್ಲಿ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಮಾಡಿಸಬೇಕು. ಆಹಾರವನ್ನು ಕೊಟ್ಟರೆ ಇಲಿಯ ಹಿಂಸೆ, ಕೊಡದಿದ್ದರೆ ಅನ್ನಪಾನನಿರೋಧ. ಈ ಇಕ್ಕಟ್ಟಿಗೆ ಸಿಕ್ಕಿದ ಮನೆಯವರು ಮುನಿಗಳು ಚಾತುರ್ಮಾಸಕ್ಕೆ ಬಂದಾಗ ಸಂಕೋಚವಿಲ್ಲದೆ ಕೇಳಿ ಪ್ರಾಯಶ್ಚಿತ್ತ ಪಡೆಯಬೇಕು. ಬಸದಿಯ ಟ್ರಸ್ಟಿನವರು ಅಂಥವರನ್ನು ದೂಷಿಸದೆ ಮುನಿಗಳ ಬಳಿಗೆ ಕರೆದೊಯ್ಯಬೇಕು.