ಕದ್ದದ್ದು ಯಂತ್ರವನ್ನೋ, ತತ್ತ್ವವನ್ನೋ? – ಜೇಮ್ಸ್ ವ್ಯಾಟ್‌ನ ಪೇಟೆಂಟ್ ಸಮರ

ಜೇಮ್ಸ್ ವ್ಯಾಟ್ ಎಂದೊಡನೆ ನಿಮಗೆ ನೆನಪಾಗುವುದು ಕುದಿಯುವ ಕೆಟಲ್ ಮತ್ತು ಕುಣಿಯುವ ಅದರ ಮುಚ್ಚಳ, ಅಲ್ಲವೇ? ತರಗತಿಯಲ್ಲಿ ನಾವು ಹೇಳುವ ಆ ಕತೆಗಿಂತ ಹೆಚ್ಚು ಪಾಠ ಕಲಿಸುವ ಇನ್ನೊಂದು ಕತೆ ವ್ಯಾಟ್‌ನ ಬದುಕಿನಲ್ಲಿದೆ. ಅದು ನಡೆದದ್ದು ಗಣಿಗಳಲ್ಲಿ ಮತ್ತು ನ್ಯಾಯಾಲಯಗಳಲ್ಲಿ.

ಉಗಿ ಎಂಜಿನ್ ವ್ಯಾಟ್‌ನ ಉಪಜ್ಞೆಯಲ್ಲ. 1712ರಷ್ಟು ಹಿಂದೆಯೇ ಥಾಮಸ್ ನ್ಯೂಕಾಮೆನ್ ಗಣಿಯ ನೀರೆತ್ತುವ ಎಂಜಿನ್ ನಿರ್ಮಿಸಿದ್ದ. ಅದರಲ್ಲಿ ಉಗಿ ತುಂಬಿದ ಸಿಲಿಂಡರಿನೊಳಕ್ಕೆ ತಣ್ಣೀರು ಚಿಮುಕಿಸಲಾಗುತ್ತಿತ್ತು. ಉಗಿ ದ್ರವೀಕರಿಸಿ ಒಳಗೆ ಒತ್ತಡ ಕುಸಿದಾಗ ಹೊರಗಿನ ವಾಯುಮಂಡಲದ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತಿತ್ತು. ಆದರೆ ಉಗಿಯೊಂದಿಗೆ ಸಿಲಿಂಡರ್ ಕೂಡ ತಣ್ಣಗಾಗುತ್ತಿತ್ತು. ಪ್ರತಿ ಹೊಡೆತದಲ್ಲೂ ಅದನ್ನು ಮತ್ತೆ ಕಾಯಿಸಲು ಬಹಳಷ್ಟು ಉಗಿ ವ್ಯರ್ಥ! ಗ್ಲಾಸ್ಗೋ ವಿಶ್ವವಿದ್ಯಾಲಯದ ಒಂದು ಮಾದರಿಯನ್ನು ದುರಸ್ತಿ ಮಾಡುವಾಗ ವ್ಯಾಟ್ ಇದನ್ನು ಗಮನಿಸಿದ. 1765ರಲ್ಲಿ ಪರಿಹಾರ ಹೊಳೆಯಿತು. ಉಗಿಯನ್ನು ಬೇರೊಂದು ಪಾತ್ರೆಗೆ ಒಯ್ದು ಅಲ್ಲಿ ತಣಿಸಿದರೆ ಸಿಲಿಂಡರ್ ಸದಾ ಬಿಸಿಯಾಗಿಯೇ ಉಳಿಯುತ್ತದೆ. ಇದೇ ಪ್ರತ್ಯೇಕ ಸಾಂದ್ರಕ.

1769ರಲ್ಲಿ ವ್ಯಾಟ್‌ಗೆ ಪೇಟೆಂಟ್ ದೊರೆಯಿತು. ಆಗಿನ ಅವಧಿ 14 ವರ್ಷ. ಎಂಜಿನ್ ಮಾರುಕಟ್ಟೆಗೆ ಬರುವ ಮೊದಲೇ ಆರು ವರ್ಷ ಕಳೆದವು. 1775ರಲ್ಲಿ ಬ್ರಿಟಿಷ್ ಸಂಸತ್ತು ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ಪಾಲುದಾರನಾದ.

ಇವರು ಗಣಿಗಳಿಂದ ಶುಲ್ಕ ಪಡೆದ ವಿಧಾನ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ನ್ಯೂಕಾಮೆನ್ ಎಂಜಿನ್‌ಗೆ ಹೋಲಿಸಿದರೆ ಉಳಿತಾಯವಾಗುವ ಕಲ್ಲಿದ್ದಲ ಬೆಲೆಯ ಮೂರನೆಯ ಒಂದು ಭಾಗ ಇವರಿಗೆ ಸಲ್ಲಬೇಕು. ಹಳೆಯ ಎಂಜಿನ್ ಮೂರು ಟನ್ ಉರಿಸುವ ಕೆಲಸಕ್ಕೆ ಹೊಸದು ಒಂದು ಟನ್ ಉರಿಸಿತೆನ್ನಿ. ಉಳಿದ ಎರಡು ಟನ್ನಿನಲ್ಲಿ ಮೂರನೆಯ ಎರಡು ಟನ್ನಿನ ಬೆಲೆ ಶುಲ್ಕ. ಹೊಡೆತಗಳನ್ನು ಎಣಿಸಲು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಗಣಕವೊಂದನ್ನು ಎಂಜಿನ್‌ಗೆ ಜೋಡಿಸಲಾಗುತ್ತಿತ್ತು.

ಜಗಳ ಹುಟ್ಟಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. (ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಮುಂದೆ ಬಂದ ಹಲವು ಗಣಿಗಾರರ ತವರು ಇದೇ.) ಅಲ್ಲಿ ತಾಮ್ರ, ತವರ ಇದ್ದವು, ಕಲ್ಲಿದ್ದಲು ಇರಲಿಲ್ಲ. ಹೊಸ ಎಂಜಿನ್ ಅನಿವಾರ್ಯ, ಶುಲ್ಕ ಮಾತ್ರ ಹೊರೆ. ತಾಮ್ರದ ಬೆಲೆ ಇಳಿದಾಗ ಅಸಮಾಧಾನ ಹೆಚ್ಚಿತು. ಹಿಂದೆ ಇವರ ಬಳಿಯೇ ದುಡಿದಿದ್ದ ಎಡ್ವರ್ಡ್ ಬುಲ್, ಸಿಲಿಂಡರನ್ನು ತಲೆಕೆಳಗಾಗಿಸಿ ತೊಲೆಯಿಲ್ಲದ ಎಂಜಿನ್ ಕಟ್ಟಿದ. ರೂಪ ಬೇರೆಯಾದರೂ ಒಳಗಿದ್ದದ್ದು ಅದೇ ಪ್ರತ್ಯೇಕ ಸಾಂದ್ರಕ! 1793ರಲ್ಲಿ ವಿಚಾರಣೆ ನಡೆಯಿತು.

ಎದುರಾಳಿಗಳ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ವ್ಯಾಟ್‌ನ ವಿವರಣಾ ಪತ್ರದಲ್ಲಿ ಒಂದು ಚಿತ್ರವೂ ಇಲ್ಲ, ಇರುವುದು ಬರಿಯ ತತ್ತ್ವಗಳು, ನಿಸರ್ಗದ ತತ್ತ್ವಕ್ಕೆ ಒಡೆಯನುಂಟೇ ಎಂದು ಅವರು ಕೇಳಿದರು. 1795ರಲ್ಲಿ ನ್ಯಾಯಾಧೀಶರೇ ಸಮಸಮನಾಗಿ ಇಬ್ಭಾಗವಾದರು. ಜೇಬೆಜ್ ಹಾರ್ನ್‌ಬ್ಲೋವರ್ ಮತ್ತು ಮೇಬರ್ಲಿ ವಿರುದ್ಧದ ಮತ್ತೊಂದು ಮೊಕದ್ದಮೆಯಲ್ಲಿ 1799ರಲ್ಲಿ ತೀರ್ಪು ವ್ಯಾಟ್ ಪರವಾಯಿತು. ಪೇಟೆಂಟ್ ಇರುವುದು ಬರಿಯ ತತ್ತ್ವಕ್ಕಲ್ಲ, ಅದನ್ನು ಅಳವಡಿಸಿದ ಎಂಜಿನ್‌ಗೆ ಎಂದು ನ್ಯಾಯಾಲಯ ಒಪ್ಪಿತು. ಗಣಿಗಳು ಬಾಕಿ ತೆರಬೇಕಾಯಿತು. ಪೇಟೆಂಟಿಗೆ ಉಳಿದಿದ್ದದ್ದು ಒಂದೇ ವರ್ಷ.

ವ್ಯಾಟ್ ಕೂಡ ಇತರರ ಪೇಟೆಂಟಿನ ಬಿಸಿ ಉಂಡವನೇ. ಚಕ್ರ ತಿರುಗಿಸಲು ಕ್ರ್ಯಾಂಕ್ ಬಳಸುವ ಎಂಜಿನ್‌ಗೆ ಜೇಮ್ಸ್ ಪಿಕಾರ್ಡ್ 1780ರಲ್ಲಿ ಪೇಟೆಂಟ್ ಪಡೆದಿದ್ದ. ಅವನಿಗೆ ತಲೆಬಾಗಲೊಪ್ಪದ ವ್ಯಾಟ್, 1781ರಲ್ಲಿ ಸೂರ್ಯ-ಗ್ರಹ ಹಲ್ಲುಚಕ್ರಗಳ ಜೋಡಣೆಗೆ ಮೊರೆಹೋದ. ಅಡ್ಡಗೋಡೆಯೇ ಹೊಸ ಉಪಾಯಕ್ಕೆ ದಾರಿಯಾಯಿತು!

ಆದರೆ ರಕ್ಷಣೆಗೆ ಬೆಲೆಯೂ ಇತ್ತೇ? 1801ರಲ್ಲಿ ಕಾರ್ನ್‌ವಾಲ್‌ನ ರಿಚರ್ಡ್ ಟ್ರೆವಿಥಿಕ್ ಅಧಿಕ ಒತ್ತಡದ ಉಗಿಬಂಡಿಯನ್ನು ರಸ್ತೆಯಲ್ಲಿ ಓಡಿಸಿದ. 1811ರಿಂದ ಅಲ್ಲಿನ ಎಂಜಿನಿಯರರು ತಮ್ಮ ಎಂಜಿನ್‌ಗಳ ದಕ್ಷತೆಯನ್ನು ತಿಂಗಳು ತಿಂಗಳು ಮುಕ್ತವಾಗಿ ಪ್ರಕಟಿಸತೊಡಗಿದರು. 1830ರ ದಶಕದ ಹೊತ್ತಿಗೆ ಅತ್ಯುತ್ತಮ ಎಂಜಿನ್‌ಗಳು ಅಷ್ಟೇ ಕಲ್ಲಿದ್ದಲಿನಿಂದ ವ್ಯಾಟ್‌ನ ಎಂಜಿನ್‌ಗಿಂತ ಮೂರು ಪಟ್ಟಿಗೂ ಹೆಚ್ಚು ನೀರೆತ್ತಿದವು. ವ್ಯಾಟ್‌ನ ಪೇಟೆಂಟ್ ಈ ಪ್ರಗತಿಯನ್ನು ತಡೆದಿತ್ತೆಂದು ಕೆಲವು ಇತಿಹಾಸಕಾರರು ಹೇಳಿದರೆ, ಅಧಿಕ ಒತ್ತಡ ತಾಳುವ ಬಾಯ್ಲರುಗಳೇ ಆಗ ಇರಲಿಲ್ಲವೆಂದು ಇತರರು ಹೇಳುತ್ತಾರೆ. ಪೇಟೆಂಟ್ ಇಲ್ಲದಿದ್ದರೆ ಬೌಲ್ಟನ್ ಹಣ ಹೂಡುತ್ತಿದ್ದನೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಆ ವಾದದ ಪ್ರತಿಧ್ವನಿ ನಮ್ಮ 1970ರ ಪೇಟೆಂಟ್ ಕಾಯಿದೆಯಲ್ಲೂ ಕೇಳುತ್ತದೆ. ವೈಜ್ಞಾನಿಕ ತತ್ತ್ವವೊಂದರ ಬರಿಯ ಆವಿಷ್ಕಾರಕ್ಕೆ ಪೇಟೆಂಟ್ ಇಲ್ಲ. ಉಪಜ್ಞೆಯನ್ನು ಬಳಸುವ ಅತ್ಯುತ್ತಮ ವಿಧಾನವನ್ನು ಅರ್ಜಿದಾರ ಬಹಿರಂಗಪಡಿಸಲೇಬೇಕು. ಅವಧಿ, ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅಂದರೆ ಸಮಾಜ ತಾತ್ಕಾಲಿಕ ಹಕ್ಕು ಕೊಟ್ಟು ಶಾಶ್ವತ ಜ್ಞಾನವನ್ನು ಪಡೆಯುತ್ತದೆ. ನಕಲು ಮಾಡುವವನು ಈ ಒಪ್ಪಂದವನ್ನು ಮುರಿಯುತ್ತಾನೆ. ಅಸ್ಪಷ್ಟವಾಗಿ ಬರೆದು ಎಲ್ಲವೂ ತನ್ನದೆನ್ನುವವನೂ ಮುರಿಯುತ್ತಾನೆ.

ಅಧ್ಯಾಪಕ ಮಿತ್ರರೇ, ನಿಮ್ಮ ವಿದ್ಯಾರ್ಥಿ ಹೊಸದೇನಾದರೂ ಮಾಡಿದರೆ ದಿನಾಂಕ ಸಹಿತ, ಚಿತ್ರ ಸಹಿತ ಬರೆದಿಡಲು ಹೇಳಿ. ಅರ್ಜಿ ಸಲ್ಲಿಸುವ ಮೊದಲೇ ಬಹಿರಂಗಪಡಿಸಿದರೆ ಹೊಸತನದ ಹಕ್ಕು ಸಾಮಾನ್ಯವಾಗಿ ಕೈತಪ್ಪುತ್ತದೆ. ವ್ಯಾಟ್ ಒಂದು ಚಿತ್ರ ಸೇರಿಸಿದ್ದರೆ ಇಷ್ಟು ವರ್ಷ ನ್ಯಾಯಾಲಯಕ್ಕೆ ಅಲೆಯುವುದು ತಪ್ಪುತ್ತಿತ್ತೋ ಏನೋ! ತರಗತಿಯಲ್ಲಿ ಚರ್ಚಿಸಿ ನೋಡಿ.