ಟೈಲ್ ಕಟರ್

ಟೈಲ್ ಕಟರ್ ಎಂಬುದು ನೆಲಕ್ಕೂ ಗೋಡೆಗೂ ಹಾಸುವ ಸೆರಾಮಿಕ್ ಬಿಲ್ಲೆಗಳನ್ನು ಬೇಕಾದ ಅಳತೆಗೆ ತುಂಡರಿಸುವ ಉಪಕರಣ. ಕೈಯಿಂದ ನಡೆಸುವ ಸರಳ ಕಟರ್, ಕೈಯಲ್ಲಿ ಹಿಡಿದು ಬಳಸುವ ವಿದ್ಯುತ್ ಮಾರ್ಬಲ್ ಕಟರ್ ಹಾಗೂ ನೀರು ಹಾಯಿಸುತ್ತ ಕೊಯ್ಯುವ ಮೇಜಿನ ಗರಗಸ ಇದರ ಮುಖ್ಯ ಬಗೆಗಳು. ಮೊದಲನೆಯದು ಟೈಲನ್ನು ಗೀರಿ ಮುರಿಯುತ್ತದೆ. ಉಳಿದೆರಡು ವಜ್ರದ ಹರಳು ಕೂರಿಸಿದ ಬ್ಲೇಡಿನಿಂದ ಉಜ್ಜಿ ಕತ್ತರಿಸುತ್ತವೆ. ಮನೆಯ ನವೀಕರಣದಲ್ಲಿ ಈ ಉಪಕರಣದ ಆಯ್ಕೆ ಟೈಲಿನ ಗುಣ, ಅಳತೆ ಮತ್ತು ಕೆಲಸದ ಪ್ರಮಾಣವನ್ನು ಅವಲಂಬಿಸಿರುತ್ತದೆ.

ಇತಿಹಾಸ

ಕಟರ್ ಬಳಕೆಗೆ ಬರುವ ಮೊದಲು ಗಾರೆ ಕೆಲಸದವರು ಉಳಿ, ಸುತ್ತಿಗೆಗಳಿಂದ ಬಿಲ್ಲೆಗಳನ್ನು ಒಡೆದು ಅಂಚನ್ನು ಉಜ್ಜಿ ಸರಿಪಡಿಸುತ್ತಿದ್ದರು. ಸ್ಪೇನ್ ದೇಶದ ಬಾರ್ಸಿಲೋನಾ ಸಮೀಪದ ರೂಬಿ ಪಟ್ಟಣದಲ್ಲಿ 1951ರಲ್ಲಿ ಬೋವಾಡಾ ಸಹೋದರರು ಸ್ಥಾಪಿಸಿದ ಸಂಸ್ಥೆಯು ಕೈಚಾಲಿತ ಟೈಲ್ ಕಟರನ್ನು ರೂಪಿಸಿತು. ಆ ಕಾಲದಲ್ಲಿ ಅಲ್ಲಿ ಹೆಚ್ಚು ಬಳಕೆಯಲ್ಲಿದ್ದ, ಬಣ್ಣದ ಸಿಮೆಂಟಿನಿಂದ ಮಾಡಿದ ದಪ್ಪ ಬಿಲ್ಲೆಗಳನ್ನು ಕತ್ತರಿಸುವುದು ಇದರ ಉದ್ದೇಶವಾಗಿತ್ತು. ಆರಂಭದಲ್ಲಿ ಗೀರಲು ಕಬ್ಬಿಣದ ಮೊನೆ ಇತ್ತು. ಮುಂದೆ ಅದರ ಸ್ಥಾನಕ್ಕೆ ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಚಕ್ರ ಬಂದಿತು. ಪಟ್ಟಣದ ಹೆಸರೇ ಆ ಸಂಸ್ಥೆಯ ಉಪಕರಣಗಳ ವ್ಯಾಪಾರನಾಮವಾಗಿ ಉಳಿದಿದೆ.

ಭಾರತದಲ್ಲಿ ಸೆರಾಮಿಕ್ ಟೈಲುಗಳ ಬಹುಪಾಲು ಉತ್ಪಾದನೆ ಗುಜರಾತಿನ ಮೋರ್ಬಿಯಲ್ಲಿ ನಡೆಯುತ್ತದೆ. ಇಲ್ಲಿನ ಕಟ್ಟಡ ಕೆಲಸದಲ್ಲಿ ಸರಳ ಕಟರಿಗಿಂತ ಮಾರ್ಬಲ್ ಕಟರಿನ ಬಳಕೆಯೇ ಹೆಚ್ಚು. ಒಂದೇ ಯಂತ್ರದಿಂದ ಟೈಲ್, ಗ್ರಾನೈಟ್, ಕಡಪ ಕಲ್ಲು ಎಲ್ಲವನ್ನೂ ಕೊಯ್ಯಬಹುದೆಂಬುದು ಇದಕ್ಕೆ ಕಾರಣ.

ಕಾರ್ಯವಿಧಾನ

ಸೆರಾಮಿಕ್ ವಸ್ತುಗಳು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ, ಎಳೆತವನ್ನು ತಾಳಲಾರವು. ಮೇಲ್ಮೈಯಲ್ಲಿ ಸಣ್ಣ ಗೀರಿದ್ದರೆ ಎಳೆತವೆಲ್ಲ ಅದರ ತುದಿಯಲ್ಲಿ ಕೇಂದ್ರೀಕೃತವಾಗಿ ಬಿರುಕು ಅಲ್ಲಿಂದಲೇ ಮುಂದುವರಿಯುತ್ತದೆ. ಗಾಜಿನ ಮೇಲಿನ ಪ್ರಯೋಗಗಳ ಆಧಾರದಿಂದ ಈ ವಿದ್ಯಮಾನವನ್ನು ಬ್ರಿಟಿಷ್ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ವಿವರಿಸಿದರು. ಸರಳ ಕಟರ್ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಚಕ್ರವು ಟೈಲಿನ ಹೊಳಪುಮುಖದ ಮೇಲೆ ಉರುಳಿ ಗೀರನ್ನು ಮೂಡಿಸುತ್ತದೆ. ಬಳಿಕ ಗೀರಿನ ಎರಡೂ ಬದಿಗಳನ್ನು ಕಾಲುಗಳಿಂದ ಕೆಳಕ್ಕೆ ಒತ್ತಿದಾಗ, ನಡುವಿನ ಏಣಿನ ಮೇಲೆ ಟೈಲ್ ಬಾಗಿ, ಮೇಲ್ಮುಖದಲ್ಲಿ ಎಳೆತವುಂಟಾಗಿ ಗೀರಿನ ಉದ್ದಕ್ಕೂ ಒಡೆಯುತ್ತದೆ.

ಗೀರನ್ನು ಒಮ್ಮೆ ಮಾತ್ರ, ಒಂದೇ ಸಮನಾದ ಒತ್ತಡದಿಂದ, ಅಂಚಿನಿಂದ ಅಂಚಿಗೆ ಎಳೆಯಬೇಕು. ಗಟ್ಟಿಯಾಗಲಿ ಎಂದು ಮತ್ತೆ ಮತ್ತೆ ಎಳೆದರೆ ಗೀರಿನ ಅಕ್ಕಪಕ್ಕದಲ್ಲಿ ಸಣ್ಣ ಬಿರುಕುಗಳು ಹುಟ್ಟಿ ಟೈಲ್ ಅಡ್ಡಾದಿಡ್ಡಿ ಒಡೆಯುತ್ತದೆ, ಚಕ್ರವೂ ಬೇಗ ಮೊಂಡಾಗುತ್ತದೆ. ಅಂಚಿನಿಂದ ಒಂದು ಸೆಂಟಿಮೀಟರಿನಷ್ಟೇ ಅಗಲದ ಪಟ್ಟಿಯನ್ನು ತೆಗೆಯುವಾಗಲೂ ಇಂಥ ತೊಂದರೆ ಕಾಣುತ್ತದೆ. ಎರಡು ಬದಿಗಳ ಬಿಗಿ ಸಮವಿಲ್ಲದ ಕಾರಣ ಬಿರುಕು ಕಿರಿದಾದ ಬದಿಯತ್ತ ಸರಿಯುತ್ತದೆ. ಅಂಥ ಪಟ್ಟಿಗಳಿಗೆ ವಜ್ರದ ಬ್ಲೇಡೇ ಸೂಕ್ತ.

ಬ್ಲೇಡಿನ ಯಂತ್ರಗಳು ಮುರಿಯುವುದಿಲ್ಲ, ಸವೆಸುತ್ತವೆ. ಉಕ್ಕಿನ ತಟ್ಟೆಯ ಅಂಚಿನಲ್ಲಿ ಲೋಹದ ಪುಡಿಯೊಡನೆ ಬೆಸೆದ ಕೈಗಾರಿಕಾ ವಜ್ರದ ಕಣಗಳು ಟೈಲನ್ನು ಪುಡಿಮಾಡುತ್ತ ಸಾಗುತ್ತವೆ. ಮೊಹ್ಸ್ ಗಡಸುತನದ ಮಾಪಕದಲ್ಲಿ ಟೈಲಿನೊಳಗಿನ ಕ್ವಾರ್ಟ್ಜ್ 7, ವಜ್ರ 10. ಬೇರೆ ಬ್ಲೇಡುಗಳು ಇಲ್ಲಿ ನಡೆಯದಿರುವುದಕ್ಕೆ ಇಷ್ಟು ವ್ಯತ್ಯಾಸವೇ ಕಾರಣ.

ಟೈಲಿನ ಗುಣ

ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13006 ಟೈಲುಗಳನ್ನು ಅವು ಹೀರಿಕೊಳ್ಳುವ ನೀರಿನ ಪ್ರಮಾಣದಿಂದ ವರ್ಗೀಕರಿಸುತ್ತದೆ. ಒತ್ತಿ ತಯಾರಿಸಿದ ಟೈಲುಗಳಿಗೆ ಭಾರತೀಯ ಮಾನಕ ಐಎಸ್ 15622 ಇದೆ. ಸಾಮಾನ್ಯ ಗೋಡೆಯ ಟೈಲ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲದು. ಅದು ಮೆದು, ಅಗ್ಗದ ಕಟರ್ ಕೂಡ ಅದನ್ನು ಸುಲಭವಾಗಿ ತುಂಡರಿಸುತ್ತದೆ. ಪೋರ್ಸಲೇನ್ ವರ್ಗದ ಟೈಲ್ ಹೀರುವುದು ಶೇ. 0.5ರಷ್ಟು ಅಥವಾ ಅದಕ್ಕಿಂತ ಕಡಿಮೆ. ಅಂಗಡಿಗಳಲ್ಲಿ ವಿಟ್ರಿಫೈಡ್ ಎಂದು ಮಾರುವ ನೆಲದ ಟೈಲುಗಳು ಈ ಗುಂಪಿನವು. ಹೆಚ್ಚು ಉಷ್ಣದಲ್ಲಿ ಸುಟ್ಟು ರಂಧ್ರಗಳಿಲ್ಲದಂತಾದ ಇವುಗಳಿಗೆ ಗಟ್ಟಿಯಾದ ಸರಳು, ಹರಿತವಾದ ಚಕ್ರ ಮತ್ತು ಬಲವಾದ ಮುರಿಯುವ ಕಾಲು ಬೇಕು. ಗೋಡೆಯ ಟೈಲಿನಲ್ಲಿ ಚೆನ್ನಾಗಿ ನಡೆದ ಕಟರ್ ನೆಲದ ಟೈಲಿನಲ್ಲಿ ಸೋಲುವುದು ಸಾಮಾನ್ಯವಾಗಿ ಇದರಿಂದಲೇ.

ಕಲಬುರಗಿ ಭಾಗದ ಶಹಾಬಾದ್ ಕಲ್ಲು, ಇಳಕಲ್ಲಿನ ಗ್ರಾನೈಟ್ ಮೊದಲಾದ ನೈಸರ್ಗಿಕ ಕಲ್ಲುಗಳನ್ನೂ ಹಳೆಯ ಮನೆಗಳ ದಪ್ಪ ಮೊಸಾಯಿಕ್ ಬಿಲ್ಲೆಗಳನ್ನೂ ಈ ರೀತಿ ಗೀರಿ ಮುರಿಯಲು ಹೋಗಬಾರದು. ಕಲ್ಲಿಗೆ ಅದರದೇ ಆದ ಪದರ, ಎಳೆಗಳಿದ್ದು ಬಿರುಕು ಅವುಗಳನ್ನು ಹಿಂಬಾಲಿಸುತ್ತದೆ. ಇಂಥ ಕಡೆ ಸರಳ ಕಟರಿನ ಪ್ರಶ್ನೆಯೇ ಬರುವುದಿಲ್ಲ.

ಸರಳ ಕಟರಿನ ಆಯ್ಕೆ

ಮೊದಲು ನೋಡಬೇಕಾದುದು ಕತ್ತರಿಸುವ ಉದ್ದ. 600 ಮಿ.ಮೀ. ಕಟರ್ 600 × 600 ಮಿ.ಮೀ. ಟೈಲನ್ನು ನೇರವಾಗಿ ತುಂಡರಿಸಬಲ್ಲದು. ಆದರೆ ಅದೇ ಟೈಲಿನ ಕರ್ಣ ಸುಮಾರು 849 ಮಿ.ಮೀ. ಇರುವುದರಿಂದ ಮೂಲೆಯಿಂದ ಮೂಲೆಗೆ ಕತ್ತರಿಸಲು ಅದು ಸಾಲದು. 600 × 1200 ಮಿ.ಮೀ. ಟೈಲನ್ನು ಉದ್ದಕ್ಕೆ ಸೀಳಲು 1200 ಮಿ.ಮೀ. ಕಟರ್ ಬೇಕು. ಒಂದೇ ಸ್ನಾನದ ಮನೆಯ ಕೆಲಸಕ್ಕೆ ಅಷ್ಟು ದೊಡ್ಡದನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದೇ ಲೇಸು.

ಬಾಳಿಕೆಯನ್ನು ನಿರ್ಧರಿಸುವ ಭಾಗ ಸರಳು. ಎರಡು ತುದಿಗಳಲ್ಲಿ ಆಧಾರವಿರುವ ಸರಳನ್ನು ನಡುವೆ ಒತ್ತಿದಾಗ ಅದು ಬಾಗುವ ಪ್ರಮಾಣವು ಉದ್ದದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ಅದೇ ದಪ್ಪದ ಸರಳಿನ ಉದ್ದ ಎರಡರಷ್ಟಾದರೆ ಬಾಗುವಿಕೆ ಎಂಟರಷ್ಟಾಗುತ್ತದೆ. ಇದಕ್ಕೆ ಪ್ರತಿಯಾಗಿ ದುಂಡನೆಯ ಗಟ್ಟಿ ಸರಳಿನ ಬಿಗಿ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ, 16 ಮಿ.ಮೀ. ಸರಳಿನ ಬದಲು 20 ಮಿ.ಮೀ. ಸರಳಿದ್ದರೆ ಬಿಗಿ ಸುಮಾರು 2.4 ಪಟ್ಟು. ಸಣ್ಣ ಕಟರಿನ ಸರಳುಗಳನ್ನೇ ಉದ್ದ ಮಾಡಿ ದೊಡ್ಡ ಕಟರೆಂದು ಮಾರುವ ಅಗ್ಗದ ಮಾದರಿಗಳಲ್ಲಿ ಗೀರು ಅಂಚುಗಳಲ್ಲಿ ಆಳವಾಗಿಯೂ ನಡುವೆ ಮಸುಕಾಗಿಯೂ ಬೀಳುವುದು ಈ ಲೆಕ್ಕದಿಂದ ಅರ್ಥವಾಗುತ್ತದೆ. ಅಂಗಡಿಯಲ್ಲಿ ಹಿಡಿಯನ್ನು ಸರಳಿನ ನಟ್ಟನಡುವೆ ನಿಲ್ಲಿಸಿ ಪಕ್ಕಕ್ಕೂ ಕೆಳಕ್ಕೂ ಅಲುಗಿಸಿ ನೋಡಿದರೆ ಸಡಿಲ ಕೈಗೆ ತಿಳಿಯುತ್ತದೆ. ಸರಳಿನ ಮೇಲೆ ಓಡುವ ಗಾಡಿಯಲ್ಲಿ ಬೇರಿಂಗ್ ಇದ್ದರೆ ಅದು ಪ್ಲಾಸ್ಟಿಕ್ ಬುಶ್‌ಗಿಂತ ಹೆಚ್ಚು ಕಾಲ ನೇರವಾಗಿ ಓಡುತ್ತದೆ. ಆದರೆ ಟೈಲಿನ ಧೂಳು ಬೇರಿಂಗಿಗೆ ಶತ್ರು. ದಿನದ ಕೆಲಸ ಮುಗಿದ ಮೇಲೆ ಸರಳನ್ನು ಒರೆಸಿ ತೆಳುವಾಗಿ ಎಣ್ಣೆ ಸವರುವುದು ಅಗತ್ಯ.

ಗೀರುಚಕ್ರ ಸವೆಯುವ ಭಾಗವೇ ಆದ್ದರಿಂದ ಬದಲಿ ಚಕ್ರ ಸ್ಥಳೀಯವಾಗಿ ಸಿಗುತ್ತದೆಯೇ ಎಂಬುದು ಉಪಕರಣದ ಬೆಲೆಗಿಂತ ಮುಖ್ಯ. ಬಿಡಿಭಾಗ ದೊರೆಯದ ದುಬಾರಿ ಕಟರ್ ಮೊದಲ ಚಕ್ರ ಸವೆದ ದಿನವೇ ಗುಜರಿಗೆ ಸೇರುತ್ತದೆ. ನಯವಾದ ಮೇಲ್ಮೈಗೆ ಸಣ್ಣ ವ್ಯಾಸದ ಚಕ್ರವೂ ಜಾರದಂತೆ ಒರಟು ಮಾಡಿದ ಮೇಲ್ಮೈಗೆ ದೊಡ್ಡ ಚಕ್ರವೂ ಹೊಂದುತ್ತವೆ.

ಅಳತೆಪಟ್ಟಿ ಲಂಬಕೋನದಲ್ಲಿದೆಯೇ ಎಂದು ತಿಳಿಯಲು ಮೂಲೆಮಟ್ಟವಿಲ್ಲದೆಯೂ ಒಂದು ಪರೀಕ್ಷೆ ಸಾಧ್ಯ. ಟೈಲೊಂದನ್ನು ಎರಡಾಗಿ ತುಂಡರಿಸಿ, ಒಂದು ತುಂಡನ್ನು ಮಗುಚಿ, ಕಾರ್ಖಾನೆಯ ಅಂಚುಗಳು ಒಂದೇ ಗೆರೆಗೆ ಬರುವಂತಿರಿಸಿ ಕತ್ತರಿಸಿದ ಅಂಚುಗಳನ್ನು ಜೋಡಿಸಬೇಕು. ಸಂದಿಯಿಲ್ಲದೆ ಕೂಡಿದರೆ ಪಟ್ಟಿ ಸರಿಯಿದೆ. ತಪ್ಪಿದ್ದರೆ ಸಂದಿಯು ತಪ್ಪಿನ ಎರಡರಷ್ಟಾಗಿ ಕಾಣುತ್ತದೆ.

ವಿದ್ಯುತ್ ಕಟರುಗಳು

ಮಾರ್ಬಲ್ ಕಟರಿನಲ್ಲಿ ಸಾಮಾನ್ಯವಾಗಿ 110 ಮಿ.ಮೀ. ಬ್ಲೇಡ್ ಇರುತ್ತದೆ. ನಿಮಿಷಕ್ಕೆ 12,000 ಸುತ್ತು ತಿರುಗುವ ಯಂತ್ರದಲ್ಲಿ ಬ್ಲೇಡಿನ ಅಂಚು ಸೆಕೆಂಡಿಗೆ ಸುಮಾರು 69 ಮೀಟರ್ ವೇಗದಲ್ಲಿ ಚಲಿಸುತ್ತದೆ. ಟೈಲಿಗೆ ಅಂಚು ಅಖಂಡವಾಗಿರುವ ಬ್ಲೇಡನ್ನು ಆರಿಸಬೇಕು. ಅಂಚಿನಲ್ಲಿ ಸೀಳುಗಳಿರುವ ಬ್ಲೇಡ್ ಕಲ್ಲು, ಕಾಂಕ್ರೀಟಿಗೆ ಹೊಂದುತ್ತದೆ, ಟೈಲಿನ ಹೊಳಪನ್ನು ಚಕ್ಕೆಯೆಬ್ಬಿಸುತ್ತದೆ. ನಲ್ಲಿ, ಸ್ವಿಚ್ ಪೆಟ್ಟಿಗೆಗಳ ಸುತ್ತ ಬೇಕಾಗುವ ಒಳಮೂಲೆಯ ಕತ್ತರಿಕೆ ಸರಳ ಕಟರಿನಿಂದ ಆಗದು. ಆದ್ದರಿಂದ ಸರಳ ಕಟರ್ ಇದ್ದವರಿಗೂ ಇದು ಬೇಕಾಗುತ್ತದೆ. ದುಂಡು ರಂಧ್ರಗಳಿಗೆ ವಜ್ರದ ಅಂಚಿನ ಕೊಳವೆಯಾಕಾರದ ಬಿಟ್ ಬಳಸುತ್ತಾರೆ.

ನೀರಿನ ತೊಟ್ಟಿಯಿರುವ ಮೇಜಿನ ಗರಗಸದ ಬ್ಲೇಡ್ ದೊಡ್ಡದು, ವೇಗ ಕಡಿಮೆ. ಮೂಲೆಗಳನ್ನು 45 ಡಿಗ್ರಿಯಲ್ಲಿ ಕೂಡಿಸಲು ಇದರಷ್ಟು ನಿಖರವಾದುದು ಬೇರಿಲ್ಲ. ಭಾರ ಮತ್ತು ಬೆಲೆ ಇದರ ಮಿತಿಗಳು.

ಅಪಾಯಗಳು

ಒಣಗಿದ ಟೈಲನ್ನು ಬ್ಲೇಡಿನಿಂದ ಕೊಯ್ದಾಗ ಏಳುವ ಧೂಳಿನಲ್ಲಿ ಸ್ಫಟಿಕರೂಪದ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಒಳಗೂಡಿಗೆ ಸೇರಿ ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತವೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಚಿಕಿತ್ಸೆಯಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಉಸಿರಿಗೆ ಸೇರುವ ಸ್ಫಟಿಕ ಸಿಲಿಕಾವನ್ನು 1997ರಲ್ಲಿ ಮಾನವರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ಸಿಲಿಕೋಸಿಸ್ಸನ್ನು ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇರಿಸಿತ್ತು. ಆದರೆ ಟೈಲ್ ಕೊಯ್ಯುವವರು ಕಾರ್ಖಾನೆಯಲ್ಲಿರುವುದಿಲ್ಲ. ಕಟ್ಟಡ ಕಾರ್ಮಿಕರಿಗಾಗಿಯೇ ಬಂದ 1996ರ ಕಾಯಿದೆ ಕೂಡ ಹತ್ತು ಲಕ್ಷ ರೂಪಾಯಿಗೆ ಮೀರದ ವೆಚ್ಚದಲ್ಲಿ ಸ್ವಂತ ವಾಸದ ಮನೆ ಕಟ್ಟಿಸುವವರನ್ನು ಉದ್ಯೋಗದಾತರ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಹೀಗಾಗಿ ಸಣ್ಣ ಮನೆಕೆಲಸಗಳಲ್ಲಿ ಧೂಳಿನ ನಿಯಂತ್ರಣ ಬಹುಮಟ್ಟಿಗೆ ಮನೆಯವರ ಮತ್ತು ಮೇಸ್ತ್ರಿಯ ಎಚ್ಚರಕ್ಕೆ ಬಿಟ್ಟ ವಿಷಯವಾಗಿದೆ.

ಸರಳ ಕಟರಿನಲ್ಲಿ ಧೂಳು ಅತ್ಯಲ್ಪ. ನೇರ ತುಂಡುಗಳನ್ನೆಲ್ಲ ಅದರಿಂದ ಮಾಡಿ, ಉಳಿದವುಗಳಿಗೆ ಮಾತ್ರ ಬ್ಲೇಡ್ ಬಳಸುವುದು ಅದಕ್ಕಾಗಿಯೇ ಒಳ್ಳೆಯ ಪದ್ಧತಿ. ಬ್ಲೇಡಿಗೆ ನೀರು ಹಾಯಿಸಿದರೆ ಧೂಳು ಕೆಸರಾಗಿ ಕೆಳಗೆ ಬೀಳುತ್ತದೆ. ಒಣಗುವ ಮುನ್ನ ಅದನ್ನು ತೊಳೆದು ತೆಗೆಯದಿದ್ದರೆ ಗುಡಿಸುವವರ ಮೂಗಿಗೆ ಅದೇ ಧೂಳು ಮರಳಿ ಬರುತ್ತದೆ. ಮುಖಕ್ಕೆ ಕಟ್ಟುವ ಕರವಸ್ತ್ರ, ಟವೆಲ್ಲುಗಳು ಈ ಕಣಗಳನ್ನು ತಡೆಯುವುದಿಲ್ಲ. ಎನ್95 ಅಥವಾ ಅದಕ್ಕಿಂತ ಮೇಲ್ದರ್ಜೆಯ ಮುಖಗವಸನ್ನು ಸಂದಿಯಿಲ್ಲದಂತೆ ಧರಿಸಬೇಕು.

ನೀರು ಮತ್ತು 230 ವೋಲ್ಟ್ ವಿದ್ಯುತ್ ಒಟ್ಟಿಗಿರುವ ಕೆಲಸವಾದ್ದರಿಂದ ಸಂಪರ್ಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಯಂತ್ರದ ತಂತಿಯು ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಮೇಲೇರುವಂತಿದ್ದರೆ ತಂತಿಯ ಮೇಲೆ ಹರಿದ ನೀರು ಪ್ಲಗ್ಗನ್ನು ಮುಟ್ಟುವುದಿಲ್ಲ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಮಾರ್ಬಲ್ ಕಟರಿಗೆ ಹಾಕುವುದು, 100 ಮಿ.ಮೀ. ಗ್ರೈಂಡರಿನ ರಕ್ಷಾಕವಚ ಕಳಚಿ 110 ಮಿ.ಮೀ. ಬ್ಲೇಡ್ ತೂರಿಸುವುದು ಎರಡೂ ಕೈಬೆರಳುಗಳಿಗೆ ಕುತ್ತು ತರುವ ರೂಢಿಗಳು.

ಕತ್ತರಿಕೆ ಮತ್ತು ವ್ಯರ್ಥ

ಟೈಲ್ ಕೊಳ್ಳುವಾಗ ಲೆಕ್ಕಕ್ಕಿಂತ ಶೇ. 5ರಿಂದ 10ರಷ್ಟು ಹೆಚ್ಚು ತರಿಸುವುದು ವಾಡಿಕೆ. ಕರ್ಣಕ್ಕೆ ಹಾಸುವುದಾದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಒಂದೇ ವಿನ್ಯಾಸದ ಟೈಲ್ ಬೇರೆ ಬೇರೆ ಸರತಿಯಲ್ಲಿ ಸುಟ್ಟಾಗ ಬಣ್ಣದಲ್ಲಿ ಸೂಕ್ಷ್ಮ ವ್ಯತ್ಯಾಸ ಬರುವುದರಿಂದ ತಯಾರಕರು ಪೆಟ್ಟಿಗೆಯ ಮೇಲೆ ಛಾಯೆಯ ಮತ್ತು ಸರತಿಯ ಗುರುತನ್ನು ನಮೂದಿಸುತ್ತಾರೆ. ಮೊಂಡು ಚಕ್ರದಿಂದ ಹತ್ತಾರು ಟೈಲ್ ಒಡೆದ ಬಳಿಕ ಅದೇ ಸರತಿಯ ಸರಕು ಅಂಗಡಿಯಲ್ಲಿ ಉಳಿದಿರದಿದ್ದರೆ, ಕೋಣೆಯ ಒಂದು ಮೂಲೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಕತ್ತರಿಸಿ ಉಳಿದ ತುಂಡುಗಳನ್ನು ಬಾಗಿಲ ಹಿಂಬದಿ, ಅಟ್ಟದ ಕೆಳಗು ಮತ್ತು ನೆಲದಂಚಿನ ಪಟ್ಟಿಗಳಿಗೆ ಬಳಸುತ್ತಾರೆ. ಎರಡು ಮೂರು ಇಡೀ ಟೈಲುಗಳನ್ನು ಮುಂದಿನ ದುರಸ್ತಿಗೆಂದು ಪೆಟ್ಟಿಗೆಯ ಚೀಟಿಯೊಂದಿಗೆ ಎತ್ತಿಡುವುದೂ ಉಂಟು.